ಅಜ್ಜಿ ಸೂಪು

ಆ ಮನೆಯಲ್ಲಿ ಯಾರ ಮೈ ಬೆಚ್ಚಗಾದರೂ, ಯಾರು ಒಂದೆರಡು ಸಲ ಸೀನಿದರೂ, ಡಾಕ್ಟರ ನೆನಪಾಗುವುದಕ್ಕೆ ಮೊದಲೇ ಒಲೆ ಏರುತ್ತಿದ್ದುದು ಅಜ್ಜಿ ಸೂಪಿನ ಪಾತ್ರೆ. ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ದಪ್ಪ ತಳದ, ಒಂದು ಕಡೆ ಹಿಡಿ ಸಡಿಲವಾದ ಆ ಪಾತ್ರೆಯೂ ಸೂಪಿನ ಹೆಸರೂ ಮಾತ್ರ ಮಗಳ ಮನೆಗೆ ಬಂದು ಉಳಿದುಕೊಂಡಿದ್ದವು.

ಆ ಮಗಳೇ ಈಗ ಮನೆಯೊಡತಿ. ಹೊಲಿಗೆ ಅವಳ ಕೆಲಸ. ಪ್ಯಾಂಟಿನ ಅಂಚು ಮಡಿಸುವುದು, ಹರಿದ ಜಿಪ್ಪು ಬದಲಿಸುವುದು, ಕಿಟಕಿಗೆ ಪರದೆ ಹೊಲಿಯುವುದು. ಕಟ್ಟಡದವರೆಲ್ಲ ಅವಳನ್ನು ಟೈಲರಮ್ಮ ಅಂತಲೇ ಕರೆಯುತ್ತಿದ್ದರು. ಅಡುಗೆಮನೆಗೆ ಬೆನ್ನು ಮಾಡಿ, ಕಿಟಕಿಯ ಬೆಳಕಿಗೆ ಮುಖ ಮಾಡಿ ಮೆಷಿನ್ ಇಟ್ಟುಕೊಂಡಿದ್ದಳು. ಒಲೆಯ ಮೇಲೆ ಏನಾಗುತ್ತಿದೆ ಎಂದು ತಿರುಗಿ ನೋಡುವ ಪದ್ಧತಿಯೇ ಇರಲಿಲ್ಲ, ಕಿವಿಯಲ್ಲೇ ಅಡುಗೆ. ಕುದಿ ಹೆಚ್ಚಾಯಿತೋ, ತಳ ಹಿಡಿಯಿತೋ, ಎಲ್ಲ ಹೊಲಿಗೆಯ ಸದ್ದಿನ ನಡುವೆಯೇ ಅವಳಿಗೆ ತಿಳಿಯುತ್ತಿತ್ತು.

ಸೂಪು ಮಾಡುವುದರಲ್ಲಿ ದೊಡ್ಡ ವಿದ್ಯೆಯೇನೂ ಇರಲಿಲ್ಲ. ಬುಟ್ಟಿಯ ತುಂಬ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಬೆಣ್ಣೆಯಲ್ಲಿ ಹಾಕಿ, ಮುಚ್ಚಳ ಮುಚ್ಚಿ, ಉರಿಯನ್ನು ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣದು ಮಾಡಿ ಬಿಟ್ಟುಬಿಡಬೇಕು. ಈರುಳ್ಳಿ ಕರಗಿ ತನ್ನ ಗುರುತೇ ಕಳೆದುಕೊಂಡ ಮೇಲೆ ಹಿಡಿ ಅಕ್ಕಿ, ನೀರು, ಕೊನೆಗೆ ಸ್ವಲ್ಪ ಹಾಲು, ಮೆಣಸಿನ ಪುಡಿ. ಅಜ್ಜಿ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಟೈಲರಮ್ಮ ಮಾತ್ರ ಅದನ್ನು ಜರಡಿಗೆ ಸುರಿದು ಸೌಟಿನ ಬೆನ್ನಿನಿಂದ ಒತ್ತಿ ಒತ್ತಿ ಸೋಸುತ್ತಿದ್ದಳು. ಕಾರಣ ಅವಳ ಮಗಳು.

ಮಗಳನ್ನು ಮನೆಯಲ್ಲಿ ಗುಬ್ಬಿ ಅನ್ನುತ್ತಿದ್ದರು. ಉಣ್ಣುವುದೂ ಗುಬ್ಬಿಯಷ್ಟೇ. ಯಾವ ಅಡುಗೆಯಲ್ಲಿ ಈರುಳ್ಳಿ ಬಿದ್ದಿದ್ದರೂ ಒಂದೊಂದೇ ಎಸಳನ್ನು ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ನಿಲ್ಲಿಸುವಳು, ಪೊಲೀಸರು ಕಳ್ಳರನ್ನು ಹಿಡಿದು ನಿಲ್ಲಿಸಿದ ಹಾಗೆ. ಆದ್ದರಿಂದಲೇ ಸೂಪಿನಲ್ಲಿ ಈರುಳ್ಳಿ ಕಣ್ಣಿಗೂ ಬೀಳಬಾರದು, ನಾಲಿಗೆಗೂ ಸಿಗಬಾರದು.

"ಇದರಲ್ಲಿ ಏನೇನಿದೆ ಅಮ್ಮಾ?" ಎಂದು ಗುಬ್ಬಿ ಚಮಚ ಎತ್ತಿ ಹಿಡಿದು ಕೇಳುವಳು.

"ಅಜ್ಜಿ ಇದ್ದಾಳೆ. ಕುಡಿ."

"ಈರುಳ್ಳಿ?"

"ಎಲ್ಲಿದೆ ತೋರಿಸು ನೋಡೋಣ."

ಹೀಗೆ ಹೇಳಿ ಹೇಳಿ ಎಷ್ಟು ಅಭ್ಯಾಸವಾಗಿತ್ತೆಂದರೆ, ಅದು ಅಜ್ಜಿ ಸೂಪು ಅನ್ನುವುದು ಬಿಟ್ಟರೆ ಮತ್ತೇನೂ ಟೈಲರಮ್ಮನ ಮನಸ್ಸಿಗೂ ಬರುತ್ತಿರಲಿಲ್ಲ.

ಮನೆಗೆ ನಾಯಿ ಬಂದದ್ದು ಗಂಡನ ಕೆಲಸದಿಂದ. ಅವನು ಲಿಫ್ಟ್ ರಿಪೇರಿಯವನು. ಇನ್ನೂ ಕಟ್ಟುತ್ತಿದ್ದ ಒಂದು ಕಟ್ಟಡದಲ್ಲಿ ಲಿಫ್ಟಿನ ತಳದ ಗುಂಡಿಗೆ ಇಳಿದಾಗ ಅಲ್ಲಿ ಏನೋ ಮುದ್ದೆಯಾಗಿ ಬಿದ್ದಿತ್ತಂತೆ. ಯಾರೋ ಬಿಸಾಕಿದ ಹಳೇ ಕಂಬಳಿ ಅಂದುಕೊಂಡು ಎತ್ತಿದರೆ ಅದು ಅವನ ಕೈ ನೆಕ್ಕಿತು. ಆವತ್ತಿನಿಂದ ಅದರ ಹೆಸರು ಕಂಬಳಿ. ತೋಳಲ್ಲಿ ಎತ್ತಿಕೊಂಡರೆ ಮಗುವಿನಷ್ಟೂ ತೂಗದ, ಕಣ್ಣು ಯಾವ ಕಡೆ, ಬಾಲ ಯಾವ ಕಡೆ ಎಂದು ಕೂದಲು ಸರಿಸಿ ಹುಡುಕಬೇಕಾದ ನಾಯಿ.

ಕಂಬಳಿ ಬಂದ ವಾರವೇ ಗಂಡ ಮನೆಗೆ ಕಾನೂನು ಮಾಡಿದ. ಜೊತೆ ಕೆಲಸಗಾರನ ನಾಯಿಯೊಂದು ಚಾಕೊಲೇಟ್ ತಿಂದು ಸತ್ತದ್ದನ್ನು ಅವನು ಕೇಳಿದ್ದ. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಸಕ್ಕರೆ ಇಲ್ಲದ ಚೂಯಿಂಗ್ ಗಮ್ಮು, ತಲೆನೋವಿನ ಮಾತ್ರೆ, ಫಿನೈಲು, ಇಲಿ ಪಾಷಾಣ, ಎಲ್ಲ ಮೇಲಿನ ಅಟ್ಟಕ್ಕೆ ಹೋಯಿತು. ಬ್ರೆಡ್ಡಿಗೆ ಕಲಸಿದ ಹಸಿ ಹಿಟ್ಟನ್ನು ಕೂಡ ಬಾಗಿಲು ಹಾಕಿಯೇ ಹುದುಗಲು ಇಡಬೇಕು.

"ಈ ಮನೇಲಿ ನನಗಿಂತ ನಾಯಿಗೇ ಕಾವಲು ಜಾಸ್ತಿ," ಎಂದಳು ಟೈಲರಮ್ಮ.

"ನೀನು ಫಿನೈಲ್ ಕುಡಿಯಲ್ಲ ಅಂತ ಒಂದು ನಂಬಿಕೆ ಇದೆ ಕಣೇ," ಎಂದ ಗಂಡ ಸ್ಟೂಲಿನ ಮೇಲಿಂದ.

ಆ ಚಳಿಗಾಲದಲ್ಲಿ ಗುಬ್ಬಿಗೆ ಜ್ವರ ಬಂತು. ಸುಮ್ಮನೆ ಬಂದು ಹೋಗುವ ಜ್ವರವಲ್ಲ, ಸ್ಕೂಲಿನ ಅರ್ಧ ಮಕ್ಕಳನ್ನು ಮಲಗಿಸಿದ ಜ್ವರ. ಇಳಿದ ಹಾಗೆ ಮಾಡಿ ಮತ್ತೆ ಏರುತ್ತಿತ್ತು. ದಿನವೂ ಸೂಪಿನ ಪಾತ್ರೆ ಒಲೆ ಏರಿತು. ಗುಬ್ಬಿಯನ್ನು ಶಾಲು ಹೊದಿಸಿ ಊಟದ ಮೇಜಿಗೆ ಕೂರಿಸಿ, ಬಟ್ಟಲು ಮುಂದಿಟ್ಟು, "ತಣ್ಣಗಾಗೋ ಮೊದಲು ಕುಡಿದುಬಿಡು ಚಿನ್ನಾ," ಎಂದು ತಲೆ ಸವರಿ ಟೈಲರಮ್ಮ ಮೆಷಿನ್ನಿಗೆ ಮರಳುವಳು. ಕಂಬಳಿ ಮೇಜಿನ ಕೆಳಗೆ, ಗುಬ್ಬಿಯ ಪಾದದ ಮೇಲೆ ಮಲಗಿರುವನು. ಒಂದೆರಡು ಅಂಚು ಮಡಿಸುವಷ್ಟರಲ್ಲಿ ಹಿಂದಿನಿಂದ, "ಮುಗೀತು ಅಮ್ಮಾ!" ಎಂದು ಕೂಗು.

ತಿರುಗಿ ನೋಡಿದರೆ ಬಟ್ಟಲು ಫಳಫಳ. ಅವಳಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಎರಡು ತುತ್ತಿಗೆ ಮೂಗು ಮುರಿಯುವ ಮಗು! ಸಂಜೆ ಗಂಡ ಬಂದ ಕೂಡಲೇ ಬಟ್ಟಲು ಹಿಡಿದು ತೋರಿಸಿದಳು. "ನೋಡ್ರೀ, ನೆಕ್ಕಿ ಇಟ್ಟ ಹಾಗಿದೆ."

"ಒಳ್ಳೇದಾಯ್ತು ಬಿಡು, ತೊಳೆಯೋ ಕೆಲಸ ಉಳೀತು."

ಗುಬ್ಬಿ ಎದ್ದು ಓಡಾಡುವಂತಾಗಿ ಸ್ಕೂಲಿಗೆ ಹೊರಡುವ ಹೊತ್ತಿಗೆ ಕಂಬಳಿ ಮಂಕಾದ. ಬಾಗಿಲ ಗಂಟೆಗೆ ಎಲ್ಲರಿಗಿಂತ ಮೊದಲು ಓಡುತ್ತಿದ್ದವನು ಮಲಗಿದಲ್ಲಿಂದಲೇ ಬಾಲ ಅಲ್ಲಾಡಿಸಿದ. ಮೆಟ್ಟಿಲಲ್ಲಿ ಅರ್ಧಕ್ಕೆ ಕೂತುಬಿಟ್ಟ. ಎತ್ತಿಕೊಂಡಾಗ ಎದೆ ಗುಬ್ಬಚ್ಚಿಯ ಎದೆಯಂತೆ ಹೊಡೆದುಕೊಳ್ಳುತ್ತಿತ್ತು.

"ಮಗೂ ಜ್ವರ ಇವನಿಗೂ ಅಂಟಿದೆ," ಎಂದಳು ಟೈಲರಮ್ಮ. ಮುಂದೆ ಏನು ಮಾಡಬೇಕೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಅದಕ್ಕೊಂದು ಪಾತ್ರೆ ಇತ್ತು.

ನಾಯಿಗೆ ಖಾರ ಆಗದು ಎಂದು ಮೆಣಸು ಹಾಕಲಿಲ್ಲ. ಉಪ್ಪೂ ಒಳ್ಳೆಯದಲ್ಲ ಎಂದು ಗಂಡ ಹೇಳಿದ್ದ, ಅದನ್ನೂ ಬಿಟ್ಟಳು. ಮೊಣಕೈಗೆ ಒಂದು ತೊಟ್ಟು ಬಿಟ್ಟುಕೊಂಡು ಬಿಸಿ ನೋಡಿ, ನೆಲದಲ್ಲಿ ಕೂತು, ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ಕುಡಿಸಿದಳು. ಬೇರೆ ಏನು ಕೊಟ್ಟರೂ ಮುಖ ತಿರುಗಿಸುತ್ತಿದ್ದವನು ಇದನ್ನು ಹಳೇ ಪರಿಚಯದವನಂತೆ ನೆಕ್ಕಿದ. "ನೋಡು, ನಮ್ಮ ಅಜ್ಜಿ ಕೈಗುಣ," ಎಂದು ಅವಳು ಹಿಗ್ಗಿದಳು.

ಮಾರನೇ ದಿನ ಇನ್ನೂ ಸೋತ. ಅವಳು ಇನ್ನೊಂದು ಬಟ್ಟಲು ಕುಡಿಸಿದಳು. ಅದರ ಮಾರನೇ ದಿನ ಏಳಲೇ ಇಲ್ಲ. ಸೂಪನ್ನು ಇನ್ನೂ ಗಟ್ಟಿಯಾಗಿ ಕುದಿಸಿದಳು, ಮೈಗೆ ಹಿಡಿಯಲಿ ಎಂದು. ಹೊಲಿಗೆಗೆ ಬಂದ ಬಟ್ಟೆಗಳು ಮೂಟೆಯಲ್ಲೇ ಉಳಿದವು.

ಸ್ಕೂಲಿನಿಂದ ಬಂದ ಗುಬ್ಬಿ ಚೀಲವನ್ನೂ ಇಳಿಸದೆ ಪಕ್ಕದಲ್ಲಿ ಕೂತು ಕೇಳಿದಳು, "ಅವನಿಗೆ ವಾಸಿಯಾಗತ್ತಾ ಅಮ್ಮಾ?"

"ಅಜ್ಜಿ ಸೂಪು ಕುಡಿದು ವಾಸಿಯಾಗದೆ ಇರೋರು ಯಾರಿದ್ದಾರೆ ನಮ್ಮನೇಲಿ? ನಿನಗಾಗ್ಲಿಲ್ವಾ?"

ಗುಬ್ಬಿ ಅವನ ಮೇಲೆ ಬಾಗಿದಳು. ಕಂಬಳಿಯ ಕಿವಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಳು.

ರಜೆಯ ದಿನ ಬೆಳಿಗ್ಗೆ ಕಂಬಳಿ ಮಲಗಿದಲ್ಲೇ ಒದ್ದೆ ಮಾಡಿಕೊಂಡಿದ್ದ. ಹಾಸಿದ ಬಟ್ಟೆ ಎಳೆದು ತೆಗೆದ ಟೈಲರಮ್ಮನ ಕೈ ನಿಂತಿತು. ಒದ್ದೆಯೆಲ್ಲ ಇಟ್ಟಿಗೆ ನೆನೆಸಿಟ್ಟ ನೀರಿನ ಬಣ್ಣ. ಗಂಡ ಯಾವುದೋ ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿದೆ ಎಂದು ಆಗಲೇ ಹೊರಟುಹೋಗಿದ್ದ. ಹೊಲಿಯಲೆಂದು ಕತ್ತರಿಸಿಟ್ಟಿದ್ದ ಪರದೆ ಬಟ್ಟೆಯಲ್ಲೇ ಕಂಬಳಿಯನ್ನು ಸುತ್ತಿಕೊಂಡು, ಗುಬ್ಬಿಯ ಕೈ ಹಿಡಿದು ಅವಳು ಬಸ್ಸು ಹತ್ತಿದಳು.

ನಾಯಿ ಡಾಕ್ಟರು ತೋಳಿನ ತುಂಬ ಬೆಕ್ಕು ಪರಚಿದ ಗೆರೆಗಳಿದ್ದ, ಮೆಲುದನಿಯ ಹೆಂಗಸು. ಕಂಬಳಿಯ ಮೇಲ್ತುಟಿ ಎತ್ತಿ ವಸಡು ನೋಡಿದರು. ಕಾಗದದಷ್ಟು ಬೆಳ್ಳಗಿತ್ತು.

"ಮೈಯೊಳಗೇ ರಕ್ತದ ಕಣ ಒಡೀತಾ ಇದೆ. ಏನೋ ತಿಂದಿದ್ದಾನೆ. ಮನೇಲಿ ಇಲಿ ಪಾಷಾಣ ಇದೆಯಾ?"

"ಅಟ್ಟದ ಮೇಲಿದೆ ಡಾಕ್ಟ್ರೇ, ಅವನಿಗೆ ಸಿಗಲ್ಲ. ಚಾಕೊಲೇಟು, ದ್ರಾಕ್ಷಿ, ಮಾತ್ರೆ ಎಲ್ಲ ಅಲ್ಲೇ." ಅವಳಿಗೆ ತಮ್ಮ ಮನೆಯ ಅಚ್ಚುಕಟ್ಟನ್ನು ಹೇಳಿಕೊಂಡು ಒಂದು ಧೈರ್ಯ ಬಂದಂತಾಯಿತು.

"ಈರುಳ್ಳಿ, ಬೆಳ್ಳುಳ್ಳಿ ಏನಾದ್ರೂ ತಿಂದನಾ?"

"ಇಲ್ಲಪ್ಪಾ. ಈರುಳ್ಳಿ ನಾಯಿಗೆ ಯಾರು ಕೊಡ್ತಾರೆ?"

"ಹುಷಾರು ತಪ್ಪಿದ ಮೇಲೆ ಏನು ಹಾಕ್ತಿದ್ರಿ?"

"ಬೇರೆ ಏನೂ ಮುಟ್ಟಲ್ಲ. ಬರೀ ಅಜ್ಜಿ ಸೂಪು."

"ಅದರಲ್ಲಿ ಏನೇನು ಇರತ್ತೆ?"

"ಬೆಣ್ಣೆ, ಹಿಡಿ ಅಕ್ಕಿ, ಒಂಚೂರು ಹಾಲು..." ಎನ್ನುತ್ತಿದ್ದ ಹಾಗೇ ಅವಳ ಬಲಗೈ ತಾನಾಗಿಯೇ ಗಾಳಿಯಲ್ಲಿ ಆಡತೊಡಗಿತು, ಹೆಚ್ಚುವ ಹಾಗೆ, ಸಣ್ಣ ಸಣ್ಣದಾಗಿ, ಬೇಗ ಬೇಗ. ಬಾಯಿಗಿಂತ ಮೊದಲು ಕೈಗೆ ಗೊತ್ತಾಗಿತ್ತು.

"ಈರುಳ್ಳಿ," ಎಂದಳು.

"ಎಷ್ಟು?"

"ಅದು ಪೂರ್ತಿ ಅದೇ ಡಾಕ್ಟ್ರೇ. ಕಾಣಲ್ಲ ಅಷ್ಟೇ."

ಡಾಕ್ಟರು ಗದರಲಿಲ್ಲ. ಗದರಿದ್ದರೆ ಒಳ್ಳೆಯದಿತ್ತು. ಹಸಿಯಾಗಿರಲಿ, ಬೆಂದಿರಲಿ, ಕರಗಿರಲಿ, ಈರುಳ್ಳಿ ನಾಯಿಯ ರಕ್ತಕ್ಕೆ ವಿಷವೇ ಎಂದು ನಿಧಾನವಾಗಿ ಹೇಳಿದರು. ಬಹಳ ಜನಕ್ಕೆ ಗೊತ್ತಿರುವುದಿಲ್ಲ ಎಂದೂ ಹೇಳಿದರು. ಆಮೇಲೆ ಹುಬ್ಬು ಗಂಟಿಕ್ಕಿ, "ಆದರೆ ನೀವು ಕೊಟ್ಟಿದ್ದು ಅವನು ಮಂಕಾದ ಮೇಲೆ ಅಂತೀರಿ. ಇದು ತಿಂದ ದಿನವೇ ಕಾಣಿಸಿಕೊಳ್ಳೋದಲ್ಲ, ಕೆಲವು ದಿನ ಹಿಡಿಯತ್ತೆ. ಅದಕ್ಕೆ ಮೊದಲೇ ಅವನ ಹೊಟ್ಟೆಗೆ ಹೋಗಿದೆ. ಎಲ್ಲಿಂದ?"

ಟೈಲರಮ್ಮನ ಕಣ್ಣ ಮುಂದೆ ಒಂದು ಬಟ್ಟಲು ಬಂತು. ಫಳಫಳ ಹೊಳೆಯುವ ಬಟ್ಟಲು. ನೆಕ್ಕಿ ಇಟ್ಟ ಹಾಗಿದ್ದ ಬಟ್ಟಲು.

ಮೇಜಿನ ಆ ಬದಿಯಲ್ಲಿ ಗುಬ್ಬಿ ಕಂಬಳಿಯ ಮುಂಗಾಲು ಹಿಡಿದು ನಿಂತಿದ್ದಳು. ಅವಳ ಎರಡೂ ಕಿವಿ ಕೆಂಪಗಾಗಿದ್ದವು. ಡಾಕ್ಟರೂ ಅವಳ ಕಡೆಗೇ ತಿರುಗಿದರು. "ಪುಟ್ಟಾ, ನೀನೇನಾದ್ರೂ..."

"ನಾನೇ ಡಾಕ್ಟ್ರೇ," ಎಂದಳು ಟೈಲರಮ್ಮ, ಮಾತನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ. "ಮೊದಲಿಂದಲೂ ನಾನೇ ಹಾಕ್ತಿದ್ದೆ. ಮಗೂಗೆ ಮಾಡಿದ್ದು ಪಾತ್ರೆ ತಳದಲ್ಲಿ ಉಳೀತಿತ್ತಲ್ಲ, ಚೆಲ್ಲೋದ್ಯಾಕೆ ಅಂತ ದಿನಾ ಸುರೀತಿದ್ದೆ."

"ಈಗ ತಾನೇ ಬೇರೆ ಹೇಳಿದ್ರಲ್ಲ."

"ಮರೆತಿದ್ದೆ."

ಡಾಕ್ಟರು ಒಂದು ಕ್ಷಣ ಅವಳನ್ನೇ ನೋಡಿ, ಸೂಜಿ ಹುಡುಕಲು ಕಪಾಟಿನತ್ತ ಹೋದರು. ಗುಬ್ಬಿಯೂ ಅಮ್ಮನನ್ನು ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ಟೈಲರಮ್ಮನಿಗೆ ಓದಲಾಗಲಿಲ್ಲ.

ಕಂಬಳಿಯನ್ನು ಅಲ್ಲೇ ಬಿಟ್ಟು ಬಂದರು. ಆಸ್ಪತ್ರೆಯಲ್ಲಿ ಸಾಕಿದ್ದ ದೊಡ್ಡ ನಾಯಿಯ ರಕ್ತ ತೆಗೆದು ಇವನಿಗೆ ಕೊಟ್ಟರು. ಮರುದಿನ ಗುಬ್ಬಿ ಸ್ಕೂಲಿಗೆ ಹೋದ ಮೇಲೆ ಟೈಲರಮ್ಮ ನೋಡಲು ಹೋದಳು. ಹೆಜ್ಜೆ ಸದ್ದು ಕೇಳಿ ಕೂದಲ ರಾಶಿಯ ಒಂದು ತುದಿ ಸಣ್ಣಗೆ ಅಲ್ಲಾಡಿತು. ಅವಳು ಅಂಗೈ ಹತ್ತಿರ ಹಿಡಿದಳು. ಎಷ್ಟು ತೊಳೆದರೂ ಹೋಗದ ವಾಸನೆ ಆ ಬೆರಳುಗಳಲ್ಲಿತ್ತು. ಕಂಬಳಿ ಅದನ್ನು ಮೂಸಿದ, ನಾಲಿಗೆ ಹೊರಗೆ ಚಾಚಿ ಒಂದು ಸಲ ನೆಕ್ಕಿದ. ಇನ್ನೊಂದು ಸಲಕ್ಕೆ ಅವನಲ್ಲಿ ಶಕ್ತಿ ಇರಲಿಲ್ಲ. ಮಧ್ಯಾಹ್ನ ಸ್ಕೂಲು ಬಿಡುವುದಕ್ಕೆ ಮೊದಲೇ ಹೋಗಿಬಿಟ್ಟ.

ಅದೇ ಪರದೆ ಬಟ್ಟೆಯಲ್ಲಿ ಸುತ್ತಿ, ಗಂಡ ತನ್ನ ವರ್ಕ್‌ಶಾಪಿನ ಹಿತ್ತಲಲ್ಲಿ ಗುಂಡಿ ತೋಡಿ ಹೂತು ಬಂದ. ಬಂದವನು ಗ್ರೀಸ್ ಹತ್ತಿದ ಕೈಯನ್ನೂ ತೊಳೆಯದೆ ಅಟ್ಟದ ಕಡೆ ನೋಡುತ್ತಾ ನಿಂತ.

"ಚಾಕೊಲೇಟ್ ಮೇಲಿಟ್ಟೆ. ದ್ರಾಕ್ಷಿ ಮೇಲಿಟ್ಟೆ. ಫಿನೈಲ್ ಮೇಲಿಟ್ಟೆ. ನಿನ್ನ ಒಲೇನ ಎಲ್ಲಿಡಬೇಕಿತ್ತೇ ನಾನು?"

ಹೇಳಿದ ಮರುಗಳಿಗೆಯೇ ಅವನ ಮುಖ ಸಪ್ಪಗಾಯಿತು. ಏನೂ ತೋಚದೆ ಸಿಂಕಿನಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆಯತೊಡಗಿದ. ಅಜ್ಜಿಯ ಪಾತ್ರೆಯನ್ನೂ ತೊಳೆದ. ಟೈಲರಮ್ಮ ಅದನ್ನು ಒರೆಸಿ, ಸ್ಟೂಲು ಹತ್ತಿ, ಫಿನೈಲಿನ ಪಕ್ಕದಲ್ಲಿ, ಪಾಷಾಣದ ಡಬ್ಬಿಯ ಹಿಂದೆ ಇಟ್ಟಳು.

ಗಂಡನ ಮಾತು ಅವಳನ್ನು ಅಷ್ಟಾಗಿ ನೋಯಿಸಲಿಲ್ಲ. ಅದು ತನಗೆ ಬರಬೇಕಾದದ್ದೇ ಎಂದುಕೊಂಡಳು. ಅವಳ ಎದೆಯಲ್ಲಿ ಇದ್ದುದು ಒಂದೇ ಹಂಬಲ, ಗುಬ್ಬಿಗೆ ಗೊತ್ತಾಗಬಾರದು. ಮೇಜಿನ ಕೆಳಗೆ ಬಟ್ಟಲು ಇಳಿಸಿದ ಆ ಪುಟ್ಟ ಕೈಗೂ ಕಂಬಳಿಯ ಸಾವಿಗೂ ನಂಟಿದೆ ಎಂದು ಆ ಮಗು ಯಾವತ್ತೂ ಅಂದುಕೊಳ್ಳಬಾರದು. ತಾನು ಡಾಕ್ಟರ ಮುಂದೆ ಹೇಳಿದ ಸುಳ್ಳು ಗಟ್ಟಿಯಾಗಿ ನಿಲ್ಲಬೇಕು, ಎರಡು ಸಲ ಓಡಿಸಿದ ಹೊಲಿಗೆಯ ಹಾಗೆ.

ಅದಕ್ಕೇ ಯಾರು ಕೇಳಿದರೂ ಗುಬ್ಬಿಗೆ ಕೇಳಿಸುವಂತೆಯೇ ಹೇಳುವಳು. ಪ್ಯಾಂಟ್ ಕೊಡಲು ಬಂದವರು, "ಎಲ್ಲಿ ನಿಮ್ಮ ಕಂಬಳಿ? ಬೊಗಳ್ತಾನೇ ಇಲ್ಲ?" ಎಂದರೆ, "ನನ್ನ ಕೈಯಾರೆ ವಿಷ ಹಾಕಿಬಿಟ್ಟೆ. ಮೊದಲಿಂದ ಕೊನೇವರೆಗೂ ನಾನೇ," ಎನ್ನುವಳು. ಬಂದವರು ಮುಖ ಎತ್ತ ಇಡುವುದೆಂದು ತಿಳಿಯದೆ ಅಳತೆ ಕೊಟ್ಟು ಹೋಗುವರು.

ಗುಬ್ಬಿ ಮೇಜಿಗೆ ಬರುವುದನ್ನು ಬಿಟ್ಟಳು. ಬ್ರೆಡ್ಡಿನ ತುಂಡು ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತು ತಿನ್ನುವಳು. ಇಲ್ಲವೇ, "ಹಸಿವಿಲ್ಲ." ತಟ್ಟೆ ಇಟ್ಟು ಕರೆದರೆ, "ಆಮೇಲೆ." ಆ ಆಮೇಲೆ ಬರುತ್ತಲೇ ಇರಲಿಲ್ಲ. ಸ್ಕೂಲಿನ ಅಂಗಿ ಭುಜದಲ್ಲಿ ಜೋತುಬಿತ್ತು. ಟೈಲರಮ್ಮ ಅದನ್ನು ಸದ್ದಿಲ್ಲದೆ ಒಳಗೆ ಹಿಡಿದು ಹೊಲಿದಳು.

ಒಂದು ದಿನ ತಡೆಯಲಾಗದೆ ಹೇಳಿದಳು, "ನನ್ನ ಮೇಲೆ ಕೋಪ ಇದ್ರೆ ಇರಲಿ ಕಣೇ. ಊಟದ ಮೇಲೆ ಬೇಡ. ನನ್ನ ಕೈಯಡುಗೆ ಬೇಡ ಅಂದ್ರೆ ಅಪ್ಪ ಮಾಡ್ಲಿ."

"ಅಪ್ಪ ಮಾಡಿದ್ರೆ ಮನೆಯವರೆಲ್ಲ ಆಸ್ಪತ್ರೇಲಿ," ಎಂದ ಗಂಡ ಮೂಲೆಯಿಂದ. ಯಾರೂ ನಗಲಿಲ್ಲ. ಗುಬ್ಬಿ ಚಪ್ಪಲಿಯ ಪಟ್ಟಿ ಬಿಗಿದುಕೊಂಡಳು.

ಟೈಲರಮ್ಮ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕೋಪ ಅಂದರೆ ಬೆಳೆಯುವ ಮಕ್ಕಳ ಬಟ್ಟೆ ಇದ್ದ ಹಾಗೆ, ಒಂದು ದಿನ ಚಿಕ್ಕದಾಗಿ ತಾನಾಗಿಯೇ ಕಳಚಿಬೀಳುತ್ತದೆ. ಆ ಇನ್ನೊಂದು ಇದೆಯಲ್ಲ, ನನ್ನಿಂದಲೇ ಆಯಿತು ಅನ್ನುವುದು, ಅದು ಒಳಗೆ ಮಡಿಸಿ ಹೊಲಿದ ಅಂಚು. ವರ್ಷ ವರ್ಷವೂ ಬಿಚ್ಚಿ ಉದ್ದ ಮಾಡಿಕೊಂಡು ತೊಡುತ್ತಲೇ ಇರಬಹುದು. ಮಗಳಿಗೆ ಅದು ಬೇಡ. ಕೋಪವೇ ಇರಲಿ.

ಚಳಿ ಮುಗಿಯುವ ಹೊತ್ತಿಗೆ ಗುಬ್ಬಿಗೆ ಮತ್ತೆ ಮೈ ಬಿಸಿಯಾಯಿತು. ಸ್ಕೂಲಿನಿಂದ ಬಂದವಳೇ ಮಲಗಿಬಿಟ್ಟಳು. ಟೈಲರಮ್ಮ ಹೊಸ ಪಾತ್ರೆಯಲ್ಲಿ ಬರೀ ಅಕ್ಕಿ, ಬರೀ ಉಪ್ಪು ಹಾಕಿ ಗಂಜಿ ಮಾಡಿ ಹಾಸಿಗೆಯ ಬಳಿಗೇ ತಂದಳು.

"ಇದು ಬೇಡ," ಎಂದಳು ಗುಬ್ಬಿ.

"ಬೇರೆ ಏನೂ ಹಾಕಿಲ್ಲ ಚಿನ್ನಾ. ನೋಡು, ಬರೀ ಅಕ್ಕಿ."

"ಅಜ್ಜಿ ಸೂಪು ಮಾಡು."

ಟೈಲರಮ್ಮ ಬಟ್ಟಲನ್ನು ಕೆಳಗಿಟ್ಟಳು. "ಅದನ್ನಿನ್ನು ಈ ಮನೇಲಿ ಮಾಡಲ್ಲ ಕಣೇ."

"ಮಾಡು ಅಮ್ಮಾ. ಈ ಸಲ ಪೂರ್ತಿ ನಾನೇ ಕುಡೀತೀನಿ."

ಹೊರಗೆ ಯಾರೋ ಮೆಟ್ಟಿಲಲ್ಲಿ ಸಾಮಾನು ಎಳೆಯುವ ಸದ್ದು. ಟೈಲರಮ್ಮ ಎದ್ದು ಬಾಗಿಲು ಮುಂದಕ್ಕೆ ಹಾಕಿ ಬಂದು ಕೂತಳು.

"ನಾನು ಮೂರೇ ಚಮಚ ಕುಡೀತಿದ್ದೆ," ಎಂದಳು ಗುಬ್ಬಿ ಗೋಡೆಗೆ ಮುಖ ಮಾಡಿ. "ಮಿಕ್ಕಿದ್ದು ಅವನಿಗೇ. ದಿನಾ."

"ನಾನೂ ಹಾಕಿದ್ನಲ್ಲೇ."

"ನೀನು ಹಾಕಿದ್ದು ಆಮೇಲೆ. ಮೊದಲು ಹಾಕಿದ್ದು ನಾನು. ಡಾಕ್ಟರ ಹತ್ರ ನೀನು ಹೇಳಿದ್ದು ಸುಳ್ಳು. ಪಾತ್ರೆ ತಳದಲ್ಲಿ ಏನೂ ಉಳೀತಿರಲಿಲ್ಲ. ನೀನು ನನಗೇ ಪೂರ್ತಿ ಸುರೀತಿದ್ದೆ."

ಟೈಲರಮ್ಮನ ಬಾಯಿಗೆ ಇನ್ನೊಂದು ಸುಳ್ಳು ಬಂತು. ಆದರೆ ಅದನ್ನು ಹೇಳಿದರೆ ಈ ಮಗು ಮತ್ತೆ ಒಬ್ಬಳೇ ಆಗುತ್ತಾಳೆ, ಇಷ್ಟು ದಿನ ಇದ್ದ ಹಾಗೆ, ಎಂದು ಅವಳಿಗೆ ಅನ್ನಿಸಿತು.

"ನಿನಗೆ ಗೊತ್ತಿರಲಿಲ್ಲ," ಎಂದಳು. "ನನಗೂ ಗೊತ್ತಿರಲಿಲ್ಲ. ಅವನು ಇಷ್ಟಪಟ್ಟು ಕುಡೀತಾನೆ ಅಂತ ಕೊಟ್ವಿ. ಇಬ್ರೂ ಕೊಟ್ವಿ."

"ಇಬ್ರೂ," ಎಂದಳು ಗುಬ್ಬಿ.

"ಹೂಂ. ಅದಕ್ಕೇ ಊಟಕ್ಕೆ ಬರ್ತಿರಲಿಲ್ವಾ? ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ."

"ಕೋಪ ಯಾಕೆ?" ಗುಬ್ಬಿ ಈ ಕಡೆ ತಿರುಗಿದಳು. ಕೆನ್ನೆಯೆಲ್ಲ ಒದ್ದೆಯಾಗಿತ್ತು. "ಮೇಜಿನ ಹತ್ರ ಕೂತ್ರೆ ಮೊಣಕಾಲಿಗೆ ಅವನ ಮೂಗು ತಾಗತ್ತೆ ಅಮ್ಮಾ. ಬಗ್ಗಿ ನೋಡಿದ್ರೆ ಇರಲ್ಲ."

ಟೈಲರಮ್ಮ ಮಗಳನ್ನು ಎಳೆದು ಎದೆಗೆ ಒತ್ತಿಕೊಂಡಳು. ಇಬ್ಬರೂ ಸಾಕಾಗುವಷ್ಟು ಅತ್ತರು. ಆಮೇಲೆ ಅವಳು ಎದ್ದು ಹೋಗಿ, ಸ್ಟೂಲು ಹತ್ತಿ, ಅಟ್ಟದಿಂದ ಪಾತ್ರೆ ಇಳಿಸಿದಳು. ಮೂರು ಸಲ ತೊಳೆದು ಒಲೆಯ ಮೇಲಿಟ್ಟಳು.

ಈ ಸಲ ಈರುಳ್ಳಿಯನ್ನು ದಪ್ಪ ದಪ್ಪಗೆ ಹೆಚ್ಚಿದಳು. ಕರಗುವವರೆಗೆ ಕಾಯಲಿಲ್ಲ, ಜರಡಿಯನ್ನು ಮೊಳೆಯಿಂದ ಇಳಿಸಲೇ ಇಲ್ಲ. ಶಾಲು ಹೊದ್ದು ಬಂದ ಗುಬ್ಬಿ ಮೇಜಿನ ಮುಂದೆ ಒಂದು ಗಳಿಗೆ ನಿಂತು, ಕುರ್ಚಿ ಎಳೆದು ಕೂತಳು. ಬಟ್ಟಲಲ್ಲಿ ಈರುಳ್ಳಿಯ ಎಸಳುಗಳು ಕಣ್ಣಿಗೆ ಕಾಣುವಂತೆ ತೇಲುತ್ತಿದ್ದವು. ಅವಳು ಅವನ್ನೇ ನೋಡುತ್ತಾ ಚಮಚ ಅದ್ದಿದಳು.

ಟೈಲರಮ್ಮ ಮೆಷಿನ್ನಿನ ಕಡೆ ಹೋಗಲಿಲ್ಲ. ಮೇಜಿನ ಪಕ್ಕದಲ್ಲಿ ನೆಲದ ಮೇಲೆ ಕೂತು, ಮಗಳ ತಣ್ಣಗಿನ ಪಾದಗಳೆರಡನ್ನೂ ತನ್ನ ಮಡಿಲಿಗೆ ಎಳೆದುಕೊಂಡಳು. ಮೇಲಿನಿಂದ ಚಮಚ ಬಟ್ಟಲಿಗೆ ತಾಗುವ ಸದ್ದು, ನಿಧಾನವಾಗಿ ನುಂಗುವ ಸದ್ದು, ನಡುವೆ ಒಂದೊಂದು ಬಿಕ್ಕು. ಒಂದು ಎಸಳೂ ಅಂಚಿಗೆ ಹೋಗಲಿಲ್ಲ.

"ಮುಗೀತು ಅಮ್ಮಾ," ಎಂದಳು ಗುಬ್ಬಿ ಬಹಳ ಹೊತ್ತಿನ ಮೇಲೆ. ಕೂಗಲಿಲ್ಲ.

ಟೈಲರಮ್ಮ ಎದ್ದು ನೋಡಿದಳು. ಬಟ್ಟಲಿನ ಒಳಮೈಗೆ ತೆಳ್ಳಗೆ ಸೂಪು ಅಂಟಿತ್ತು. ತಳದಲ್ಲಿ ಒಂದೆರಡು ಅಗುಳು ಉಳಿದಿದ್ದವು. ಮನುಷ್ಯರು ಉಂಡಿಟ್ಟ ಬಟ್ಟಲು ಹಾಗೆಯೇ ಇರುತ್ತದೆ.